ಡಾಕ್ಟರು ಏನೂ ಅನ್ನಲಿಲ್ಲ

ನಮ್ಮ ಆಸ್ಪತ್ರೆಯ ಎದುರಿಗೇ ದರ್ಜಿಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಸಂಸಾರ. ಬೆಳಗಿನ ಚಹಾ ಮುಗಿಯುವುದರೊಳಗೆ ಆತ ಎರಡು ಸಿಗರೇಟು ಮುಗಿಸಿರುತ್ತಿದ್ದ. ಹೊಲಿದ ಬಟ್ಟೆಗಳಿಂದ ವಾಸನೆ ಹೋಗಲೆಂದು ಹೆಂಡತಿ ಅವನ್ನು ಕಿಟಕಿಗೆ ನೇತುಹಾಕಿ ಬಯ್ಯುವಳು, ಆತ ನಗುವನು.

ನಾನು ಇಲ್ಲಿನ ನರ್ಸ್. ಎರಡು ವರ್ಷದಲ್ಲಿ ಆತ ನಮ್ಮಲ್ಲಿಗೆ ಏಳು ಸಲ ಬಂದ. ಒಮ್ಮೆ ಕಿವಿಯ ಗುಗ್ಗೆ, ಒಮ್ಮೆ ಬೆರಳಿಗೆ ಹೊಕ್ಕ ಸೂಜಿ, ಮತ್ತೊಮ್ಮೆ ಸೊಂಟನೋವು. ಬಗ್ಗಿ ಕಿವಿ ತೊಳೆಯುವಾಗ ಹೊಗೆಯ ನಾತ ಮೂಗಿಗೆ ಬಡಿಯಿತು. ಕೇಳಲು ಬಾಯಿ ತೆರೆದೆ. ಡಾಕ್ಟರು ಕಣ್ಣಲ್ಲೇ ತಡೆದರು. ಆಮೇಲೆ, "ಕಿವಿಗೆ ಅಂತ ಬಂದವರ ಎದೆ ಕೆದಕೋದು ಬೇಡಮ್ಮ. ಮರ್ಯಾದಸ್ಥರು, ಬೇಜಾರು ಮಾಡ್ಕೋತಾರೆ" ಎಂದರು. ಎದೆ ಕೆಟ್ಟ ಮೇಲೆ ಬಂದರೆ ನಾವು ಮಾಡುವುದೇನು ಎಂದು ಕೇಳಿದೆ. ಮೂವತ್ತು ವರ್ಷದಿಂದ ಇಲ್ಲಿ ಹೀಗೇ ನಡೆದಿದೆಯೆಂಬುದೇ ಅವರ ಉತ್ತರ. ಕೆಲಸ ಹೋದೀತೆಂಬ ಹೆದರಿಕೆಗೆ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಎಂಟನೆಯ ಸಲ ಆತ ಕೆಮ್ಮಿದ ಕರವಸ್ತ್ರದಲ್ಲಿ ರಕ್ತವಿತ್ತು. ನಾಲ್ಕು ತಿಂಗಳಲ್ಲಿ ತೀರಿಕೊಂಡ.

ಮಾತಾಡಿಸಲು ಹೋದಾಗ ಹೆಂಡತಿ ಅಳಲೂ ಇಲ್ಲ. "ನಾನು ಬಯ್ದಾಗೆಲ್ಲ ಒಂದೇ ಮಾತು ಸಿಸ್ಟರ್. 'ಡಾಕ್ಟ್ರಿಗೆ ವಾಸನೆ ಬರಲ್ವಾ? ಇಷ್ಟು ಸಲ ಹೋದೆ, ಏನೂ ಅನ್ನಲಿಲ್ಲ. ಅಷ್ಟು ಕೆಟ್ಟದ್ದಾಗಿದ್ರೆ ಹೇಳ್ತಿರಲಿಲ್ವಾ?' ಅಂತಿದ್ರು. ನಾನೂ ಹೌದೇನೋ ಅಂದ್ಕೊಂಡು ಬಯ್ಯೋದು ಬಿಟ್ಟೆ."

ನಮ್ಮ ಮೌನವನ್ನು ಆತ ವೈದ್ಯರ ಅಪ್ಪಣೆಯೆಂದು ನಂಬಿದ್ದ. ಮರ್ಯಾದೆಯಂತೆ ಮರ್ಯಾದೆ! ಅದಕ್ಕಿಷ್ಟು ಬೆಂಕಿ ಬೀಳಲಿ. ಉರಿಯುವ ಮನೆಯೆದುರು ನಿಂತು, ಒಳಗಿದ್ದವರಿಗೆ ಬೇಜಾರಾದೀತೆಂದು ಸುಮ್ಮನಿದ್ದವರು ನಾವು. ಈ ಪಾಪದಲ್ಲಿ ನನ್ನ ಪಾಲೂ ಇದೆ.

ಕಳೆದ ವಾರ ದರ್ಜಿಯ ಮಗ ಕಣ್ಣು ಕೆಂಪಾಗಿದೆಯೆಂದು ಬಂದ. ಅದೇ ನಾತ. ಡಾಕ್ಟರು ಕಣ್ಣಿನ ಹನಿ ಬರೆದುಕೊಟ್ಟು ಮುಂದಿನವರನ್ನು ಕರೆಯಲು ಹೇಳಿದರು. ನಾನು ಕದಲಲಿಲ್ಲ.

"ದಿನಕ್ಕೆ ಎಷ್ಟು ಸೇದ್ತೀಯಪ್ಪ?"

"ಸಿಸ್ಟರ್, ಅವರು ಬಂದಿರೋದು ಕಣ್ಣಿಗೆ" ಎಂದರು ಡಾಕ್ಟರು.

"ಗೊತ್ತು ಡಾಕ್ಟ್ರೇ. ಬೇಕಿದ್ರೆ ನನ್ನ ಕೆಲಸದಿಂದ ತೆಗೀರಿ. ಕೇಳದೆ ಇವನನ್ನ ಕಳಿಸಲ್ಲ."

ಹುಡುಗ ಸಿಟ್ಟಾಗುತ್ತಾನೆಂದುಕೊಂಡಿದ್ದೆ. ಅವನು ತಲೆ ತಗ್ಗಿಸಿದ. "ಹದಿನೈದು. ಅಪ್ಪ ಹೋದಾಗಿಂದ ಬಿಡ್ಬೇಕು ಅಂತಲೇ ಇದೀನಿ. ಹೇಗೆ ಅಂತ ಯಾರನ್ನ ಕೇಳೋದೋ ಗೊತ್ತಾಗ್ಲಿಲ್ಲ ಸಿಸ್ಟರ್."

ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ಕಾಯಲಿ ಎಂದು ಸ್ಟೂಲು ಎಳೆದುಕೊಂಡು ಅವನೆದುರು ಕೂತೆ.