ಸುಭದ್ರಾಬಾಯಿ ಮೊದಲು ಹೋದ ಮೀಟಿಂಗು

ಖಜೂರಿಯ ರಸ್ತೆ ಬದಿಯಲ್ಲಿ ಲಾರಿ ರಿಪೇರಿ ಮಾಡುವ ದೌಲತರಾಯನ ಕೈಗೆ ಒಳ್ಳೆಯ ಹೆಸರಿತ್ತು. ಮಹಾರಾಷ್ಟ್ರದ ಡ್ರೈವರುಗಳು ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ಬರಬರುತ್ತ ಮುಂಜಾನೆ ಒಂದಿಷ್ಟು ಸಾರಾಯಿ ಹೊಟ್ಟೆಗಿಳಿಯದೆ ಆ ಕೈ ನಟ್ಟು ಬಿಚ್ಚುವ ಪಾನಾ ಹಿಡಿಯದಂತಾಯಿತು. ಕೊನೆಗೊಂದು ದಿನ ಗ್ಯಾರೇಜಿನಲ್ಲೇ ರಕ್ತ ಕಾರಿಕೊಂಡು ಬಿದ್ದ. ಹೆಂಡತಿ ಸುಭದ್ರಾಬಾಯಿ ಆಳಂದದ ಆಸ್ಪತ್ರೆಗೆ ಹಾಕಿದಳು. ಜೀವ ಉಳಿಯಿತು.

ಮನೆಗೆ ಕಳಿಸುವ ದಿನ ನರ್ಸು ಶೈಲಶ್ರೀ ಅವಳನ್ನು ಪಕ್ಕಕ್ಕೆ ಕರೆದಳು.

"ಅಕ್ಕೋರೇ, ಔಷಧಕ್ಕ ಹೊಟ್ಟಿ ಸುಧಾರಸ್ತದ. ಕುಡಿಯೋದು ಬಿಡಬೇಕಂದ್ರ ಜೊತಿ ಬೇಕಾಗ್ತದ. ಅಫಜಲಪುರದಾಗ ಐತವಾರ ಮಧ್ಯಾಹ್ನ ಯಾವುದೋ ಸಾಲಿ ಖೋಲಿಯೊಳಗ ಮೀಟಿಂಗ್ ಆಗ್ತದಂತ. ಬಿಟ್ಟವರು, ಬಿಡಬೇಕನ್ನವರು ಕೂಡಿ ಮಾತಾಡ್ತಾರ. ಯಾರೂ ಬೈಯಂಗಿಲ್ಲ."

ಹೆಂಡತಿ ಇದನ್ನು ಹೇಳಿದಾಗ ದೌಲತರಾಯ ಮುಖ ತಿರುಗಿಸಿದ. "ನಾಕ ಮಂದಿ ಮುಂದ ನಾ ಕುಡುಕ ಅಂತ ಹೇಳ್ಕೋಬೇಕೇನು? ಬೇಕಾದ್ರ ನೀನೇ ಹೋಗು."

ಸಿಟ್ಟಿನಲ್ಲಿ ಆಡಿದ ಮಾತು. ಸುಭದ್ರಾಬಾಯಿ ಅದನ್ನು ನಿಜವೆಂದೇ ಹಿಡಿದಳು. ಐತವಾರ ರೊಟ್ಟಿ ಬಡಿದಿಟ್ಟು, ಆಳಂದದಲ್ಲಿ ಬಸ್ಸು ಬದಲಿಸಿ ಅಫಜಲಪುರದಲ್ಲಿ ಇಳಿದಳು. ಕುಡುಕರ ಮೀಟಿಂಗು ಎಲ್ಲಿ ಎಂದು ಹೆಣ್ಣುಮಗಳು ಯಾರನ್ನು ಕೇಳುವುದು? ಹೂವಿನವಳ ಹತ್ತಿರ "ಇಲ್ಲಿ ಐತವಾರ ಮೀಟಿಂಗ್ ಎಲ್ಲಿ ಆಗ್ತದ" ಎಂದಷ್ಟೇ ಕೇಳಿದಳು. ಆಕೆ ಮಹಿಳಾ ಸಂಘದ ಮನೆ ತೋರಿಸಿದಳು. ಅಲ್ಲಿನವರು ಕೂಡಿಸಿಕೊಂಡು, ಯಾವ ಗುಂಪಿನವರು ನೀವು ಎಂದು ವಿಚಾರಿಸತೊಡಗಿದಾಗ ನೀರು ಕುಡಿದು ಎದ್ದು ಬಂದಳು. ಕಡೆಗೆ ಒಬ್ಬ ಆಟೋದವನ ಮುಂದೆ ನಿಂತು, ನೆಲ ನೋಡುತ್ತ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

"ಕೂಡ್ರಿ ಅಕ್ಕಾ," ಎಂದ ಅವನು. "ನಮ್ಮ ಮಾವನೂ ಅಲ್ಲಿಗೇ ಹೋಗ್ತಾನ."

ಶಾಲೆಯ ಬಾಗಿಲಲ್ಲಿ ನರೆತ ಗಡ್ಡದ ಒಬ್ಬರು ನಿಂತಿದ್ದರು. ಗಾದಿ ಅಂಗಡಿಯ ಮಸೂದ.

"ಯಾರ ಸಲುವಾಗಿ ಬಂದೀರಿ ತಂಗಿ?"

"ನಮ್ಮನಿಯವರ ಸಲುವಾಗಿರಿ. ಅವರು ಬರವಲ್ರು. ಅದಕ್ಕ ನಾನೇ ಬಂದೀನಿ."

ಮಸೂದ ನಗಲಿಲ್ಲ. "ಛಲೋ ಮಾಡಿದ್ರಿ. ಆದ್ರ ಒಳಗ ಕುಡಿಯೋ ಚಟದವರಷ್ಟ ಕೂಡ್ತೇವ್ರಿ. ಅಲ್ಲಿ ನಮ್ಮಾಕಿ ಕೂತಾಳ, ಆಕಿ ಹತ್ರ ಹೋಗ್ರಿ," ಎಂದು ಬೇವಿನ ಗಿಡದ ಕಡೆ ಕೈ ತೋರಿಸಿದರು.

ಗಿಡದ ಕೆಳಗೆ ಅವರ ಹೆಂಡತಿ ಶಮಶಾದ ಚಾಪೆ ಹಾಸಿಕೊಂಡು ಕುಳಿತಿದ್ದಳು. ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಸುಭದ್ರಾಬಾಯಿ ಚಹಾ ಮುಗಿಯುವುದರೊಳಗೆ ಎಲ್ಲವನ್ನೂ ಹೇಳಿಕೊಂಡಿದ್ದಳು. ಹೆಂಡತಿ ನೆಟ್ಟಗಿದ್ದರೆ ಗಂಡ ಯಾಕೆ ಕುಡಿಯುತ್ತಾನೆ ಎಂದು ಅತ್ತೆ ಆಡಿಕೊಂಡದ್ದನ್ನೂ ಬಿಡಲಿಲ್ಲ.

"ಅವರು ಕುಡಿಯೋದು ನಿನ್ನಿಂದ ಅಲ್ಲ ಬೇ," ಎಂದಳು ಶಮಶಾದ. "ಬಿಡಸೂದೂ ನಿನ್ನಿಂದ ಆಗಂಗಿಲ್ಲ. ನಾ ಬಾಟ್ಲಿ ಒಡದೆ, ತವರಮನಿಗಿ ಹೋಗಿ ಕೂತೆ, ದರ್ಗಾಕ್ಕ ಹರಕಿ ಹೊತ್ತೆ. ಕಡೀಕ ಅವರೇ ಇಲ್ಲಿ ಬಂದು ಕೂತ್ರು. ನೀ ಮದಲ ಹೊಟ್ಟಿ ತುಂಬ ಉಣ್ಣು, ಕಣ್ಣ ತುಂಬ ನಿದ್ದಿ ಮಾಡು."

ಇಷ್ಟು ವರ್ಷ ತನ್ನ ಊಟ ನಿದ್ದೆಯನ್ನು ಯಾರೂ ಕೇಳಿರಲಿಲ್ಲ. ಸುಭದ್ರಾಬಾಯಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಶಮಶಾದ ಅವಳ ಬೆನ್ನ ಮೇಲೆ ಕೈಯಿಟ್ಟು ಕುಳಿತಳು.

ಮನೆಗೆ ಬಂದಾಗ ದೌಲತರಾಯ ಕೇಳಿದ, "ನನ್ನ ಬಗ್ಗೆ ಏನಂದ್ರು?"

"ನಿಮ್ಮ ಹೆಸರೂ ಕೇಳಲಿಲ್ಲ. ಅಲ್ಲಿ ಮಸೂದಣ್ಣ ಅಂತ ಅದಾರ, ನಂಬರ್ ಕೊಟ್ಟು ಬಂದೀನಿ, ಫೋನ್ ಮಾಡ್ತಾರಂತ. ಎತ್ತೂದು ಬಿಡೂದು ನಿಮಗ ಬಿಟ್ಟದ್ದು."

ಫೋನು ಬಂದಾಗ ಅವನು ಅದನ್ನು ಹಿಡಿದುಕೊಂಡು ಹಿತ್ತಲಿಗೆ ಹೋದ. ಅತ್ತಲಿಂದ ಮಸೂದ ಏನು ಹೇಳಿದರೋ, ಗಂಡ ನಕ್ಕದ್ದು ಮಾತ್ರ ಸುಭದ್ರಾಬಾಯಿಗೆ ಕೇಳಿಸಿತು. ಆ ನಗೆ ಕೇಳಿ ಎಷ್ಟು ಕಾಲವಾಗಿತ್ತೋ. ಮುಂದಿನ ಐತವಾರ ಇಬ್ಬರೂ ಹೋದರು.

ಮೊದಮೊದಲು ಅವನು ಒಳಗೆ ಬಾಯಿ ಬಿಡದೆ ಕುಳಿತು ಬರುತ್ತಿದ್ದ. ಕುಡಿತ ನಿಂತಿತ್ತು, ಮೈಗೆ ಕಳೆ ಬಂದಿತ್ತು. ಅಷ್ಟರಲ್ಲಿ ಜೇವರ್ಗಿಯಲ್ಲಿ ಬೀಗರ ಮನೆಯ ಮದುವೆ. ಒಬ್ಬರು ಒತ್ತಾಯ ಮಾಡಿದರು, ಇವನು ಬೇಡವೆನ್ನಲಿಲ್ಲ. ಮರುದಿನದಿಂದ ಮತ್ತೆ ಮೊದಲಿನ ಹಾಡು. ನಾಚಿಕೆಗೆ ಮೀಟಿಂಗು ಬಿಟ್ಟ, ಫೋನು ಎತ್ತುವುದನ್ನೂ ಬಿಟ್ಟ.

ಆಗ ಮಸೂದರೇ ಬಸ್ಸು ಹತ್ತಿ ಖಜೂರಿಗೆ ಬಂದರು. ಗ್ಯಾರೇಜಿನಲ್ಲಿ ಹಳೆಯ ಟೈರಿನ ಮೇಲೆ ಕುಳಿತು, ಅವನು ಕೆಲಸ ಮುಗಿಸುವವರೆಗೂ ಕಾದರು.

"ಬೈಯಾಕ ಬಂದೀರೇನ್ರಿ?"

"ನಾ ಎಷ್ಟು ಸಲ ಬಿದ್ದೀನಿ ನಿನಗ ಗೊತ್ತಿಲ್ಲ ದೌಲತರಾಯ. ನೀ ಬರಲಿಲ್ಲಂದ್ರ ನನಗ ಅಂಜಿಕಿ ಆಗ್ತದ. ನಿನಗ ಹೇಳ್ಕೋತ ಹೇಳ್ಕೋತ ನಾನೂ ಉಳದೀನಿ."

ದೌಲತರಾಯ ಎಣ್ಣೆಗೈಯಲ್ಲೇ ಅವರ ಪಕ್ಕ ಕುಸಿದು ಕುಳಿತ.

ಅಲ್ಲಿಂದ ಅವನು ತಪ್ಪಿಸಲಿಲ್ಲ. ಕುಡಿಯದೆ ವರ್ಷ ತುಂಬಿದಾಗ ಮನೆಯವರನ್ನೂ ಒಳಗೆ ಕರೆದು ಸಭೆ ಮಾಡಿದರು. ಅವನು ಎದ್ದು ನಿಂತ.

"ನಾನು ದೌಲತರಾಯ, ಕುಡುಕ. ಈ ಖೋಲಿಗೆ ಬರಾಕ ನನಗ ನಾಚಿಕಿ ಇತ್ತು. ನನ್ನ ಸಲುವಾಗಿ ಈಕಿ ಕಂಡಕಂಡವರನ್ನ ಕೇಳ್ಕೋತ ಬಂದ್ಲು. ನೀವು ಬಾಗಲದಾಗಿಂದ ಆಕಿನ್ನ ಹೊಳ್ಳಿ ಕಳಿಸಿದ್ರ ಇವತ್ತ ನಾ ಇರ್ತಿದ್ದಿಲ್ಲ. ನಿಮ್ಮ ಉಪಕಾರ ಭಾಳ ಅದರಿ." ಎಂದು ಕೈ ಮುಗಿದು ಕುಳಿತ. ಸುಭದ್ರಾಬಾಯಿ ತನಗರಿವಿಲ್ಲದೆಯೇ ಶಮಶಾದಳ ಕೈ ಹಿಡಿದುಕೊಂಡಿದ್ದಳು.

ಬಸ್ ನಿಲ್ದಾಣದಲ್ಲಿ ಅವನು ಮೆಲ್ಲಗೆ ಕೇಳಿದ, "ಮತ್ತ ಬಿದ್ರ ಏನ್ ಮಾಡ್ತಿ?"

"ನೀವು ಬಂದ್ರೂ ಬರದಿದ್ರೂ ಐತವಾರ ನಾ ಶಮಶಾದಕ್ಕನ ಜೋಡಿ ಕೂಡಾಕ ಬರ್ತೇನಿ. ಅಲ್ಲಿ ಹ್ವಾದ್ರ ನನಗೂ ಹಗುರ ಆಗ್ತದ."

"ಬರೋಣು," ಎಂದ ದೌಲತರಾಯ. ಆಳಂದದ ಬಸ್ಸು ಬಂತು. ಅವನು ಮೊದಲು ಹತ್ತಿ ಕಿಟಕಿಯ ಸೀಟು ಹಿಡಿದು, ಅವಳನ್ನು ಅಲ್ಲಿ ಕೂಡಿಸಿದ.