ತುಕ್ಕು ಹಿಡಿಸಿದ ಮನೆ

ವರ್ಜಿಲ್ ಸ್ಟಾಂಪರನಿಗೆ ತುಕ್ಕು ಕಂಡರೆ ವಾಕರಿಕೆ. ಅದರಲ್ಲೂ ಪುಟ್ಟ ರೈಲುಗಳ ಮಾದರಿ ಕಟ್ಟುವ ಕ್ಲಬ್ಬಿನವರು ಡಬ್ಬಿಯಿಂದ ತೆಗೆದು ಬಳಿಯುವ ತುಕ್ಕು ಕಂಡರೆ ಮುಖ ತಿರುಗಿಸಿಬಿಡುತ್ತಿದ್ದ. ಚರ್ಚಿನ ನೆಲಮಾಳಿಗೆಯಲ್ಲಿ, ಹಲಗೆಗಳ ಮೇಲೆ, ಅವರು ವೆಸ್ಟ್ ವರ್ಜೀನಿಯಾದ ಹಳೆಯ ಗಣಿ ಕಾರ್ಮಿಕರ ಕ್ಯಾಂಪೊಂದರ ಮಾದರಿಯನ್ನು ಎಬ್ಬಿಸಿದ್ದರು. ಬೆಟ್ಟ, ಹಳ್ಳ, ಹಳಿ, ಅಂಗೈಯಗಲದ ಮನೆಗಳು. ನೆಟ್ಟಗೆ ನಿಂತ ಮನೆ ಒಂದೂ ಇಲ್ಲ. ಬಾಗಿಲು ಜೋತುಬೀಳಬೇಕು, ಸೂರು ಕುಸಿಯಬೇಕು, ತಗಡು ಕೊಳೆಯಬೇಕು. ಆಗಲೇ ಅವರಿಗೆ ತೃಪ್ತಿ. ಬಡವರೆಂದರೆ ಹೊಲಸರು ಎಂದು ಇವರಿಗೆ ಯಾರು ಹೇಳಿಕೊಟ್ಟರೋ!

ಆ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದವನು ಕ್ಲಬ್ಬಿನಲ್ಲಿ ವರ್ಜಿಲ್ ಒಬ್ಬನೇ. ಅಲ್ಲಿ ಹಗಲಿಡೀ ಕಲ್ಲಿದ್ದಲ ಪುಡಿ ಸುರಿಯುತ್ತಿತ್ತು. ಅವನ ಅಮ್ಮ ಮರ್ಟಲ್ ಚಳಿಗಾಲ ಕಳೆದ ಕೂಡಲೇ ತಾನೇ ಮಾಡು ಹತ್ತಿ, ಸೋಪಿನ ನೀರಲ್ಲಿ ತಗಡು ತಿಕ್ಕಿ, ಬೆಳ್ಳಿ ಬಣ್ಣ ಹೊಡೆಯುತ್ತಿದ್ದಳು. ಈಗ ಆ ಕ್ಯಾಂಪೂ ಇಲ್ಲ, ಮನೆಯದೊಂದು ಫೋಟೋ ಕೂಡ ಇಲ್ಲ. ಎಂಬತ್ತು ದಾಟಿದ ಅಕ್ಕ ಓರ್ಫಾಳ ಕಣ್ಣು ಮಂಜಾಗುತ್ತಾ ಬಂದಿತ್ತು. ಅದು ಪೂರ್ತಿ ಹೋಗುವ ಮುಂಚೆ ಅವಳಿಗೆ ಅಮ್ಮನ ಮನೆಯನ್ನು ಇನ್ನೊಮ್ಮೆ ತೋರಿಸಬೇಕೆಂಬುದೇ ಅವನ ಹಟ.

ಪುಟ್ಟ ಮನೆಯ ಮಾಡಿಗೆಂದು, ಪೈ ತಿಂಡಿ ಬೇಯಿಸುವ ತೆಳು ಅಲ್ಯೂಮಿನಿಯಂ ತಟ್ಟೆಗಳನ್ನು ಚಪ್ಪಟೆ ಮಾಡಿ ಬೆರಳಗಲದ ಪಟ್ಟಿ ಕತ್ತರಿಸಿದ. ಹಲಗೆಯ ಮೇಲೆ ಬ್ಯಾಂಜೋ ತಂತಿಗಳನ್ನು ಒತ್ತೊತ್ತಾಗಿ ಅಂಟಿಸಿ, ಪಟ್ಟಿಯನ್ನು ಅದರ ಮೇಲಿಟ್ಟು, ಮೊಂಡು ಕಡ್ಡಿಯಿಂದ ಒಂದೊಂದೇ ಗೆರೆ ಒತ್ತಿದ. ಒತ್ತು ಹೆಚ್ಚಾದರೆ ತಗಡು ಹರಿಯಿತು, ಕಡಿಮೆಯಾದರೆ ಸುಕ್ಕುತಗಡಿನಂಥ ಏಣು ಏಳಲಿಲ್ಲ. ಮಳೆನೀರು ಒಳಗಿಳಿಯದಂತೆ ಕೆಳಗಿನ ಸಾಲು ಮೊದಲು ಅಂಟಿಸಿ, ಅದರ ಅಂಚಿನ ಮೇಲೆ ಮೇಲಿನ ಸಾಲು ಕೂರಿಸಿದ. ನೆಲಮಾಳಿಗೆಯ ಆ ಊರಲ್ಲಿ ಮಳೆಯೇ ಬರುವುದಿಲ್ಲ, ಆದರೂ ಮನಸ್ಸು ಕೇಳಬೇಕಲ್ಲ!

ಕ್ಲಬ್ಬಿನ ಅಧ್ಯಕ್ಷ ಕ್ರೇಗ್ ಹಾಲ್‌ಸ್ಟೆಡ್ ಹಲಗೆಯ ಮೇಲೆ ಕೂರಿಸಿದ ಮನೆ ನೋಡಿ ಮೂಗು ಮುರಿದ. "ಏನಯ್ಯಾ ಇದು, ಪಾತ್ರೆ ಅಂಗಡಿ ಥರ ಫಳಫಳ ಅಂತಿದೆ? ಯಾರೂ ನಂಬಲ್ಲ."

"ನಾನು ಹುಟ್ಟಿದ ಮನೆ ಕಣೋ ಅದು."

"ಹುಟ್ಟಿರ್ಬಹುದು. ನೋಡೋರಿಗೆ ಗಣಿ ಅನ್ನಿಸ್ಬೇಕಲ್ಲಪ್ಪಾ!"

"ನೀನು ಮುಟ್ಟಬೇಡ. ಅಷ್ಟೇ ಹೇಳೋದು."

ನಾಯಿ ಬಾಲಕ್ಕೆ ದಬ್ಬೆ ಕಟ್ಟಿದಂತಾಯಿತು ಆ ಮಾತು. ಜನರಿಗೆ ಪ್ರದರ್ಶನವಿದ್ದ ದಿನ ವರ್ಜಿಲ್ ಅಕ್ಕನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರೆ, ಅಮ್ಮನ ಮನೆ ಮೈತುಂಬ ಕಜ್ಜಿ ಎದ್ದಂತೆ ನಿಂತಿತ್ತು. ಮಾಡಿಗೆಲ್ಲ ತುಕ್ಕಿನ ಪುಡಿ. ಒಂದು ತಗಡು ಬೇಕೆಂದೇ ಹರಿದಿತ್ತು. ಅಂಗಳದಲ್ಲಿ ಕಸದ ಗುಡ್ಡೆ, ಅದರ ಮೇಲೊಂದು ಹಂದಿ.

ಡೋನಟ್‌ನ ಸಕ್ಕರೆ ಮೆತ್ತಿದ ಬೆರಳುಗಳನ್ನು ನೆಕ್ಕುತ್ತಾ ಕ್ರೇಗ್ ಬಂದ. "ನೋಡು, ಈಗ ಜೀವ ಬಂತು! ಎಲ್ರೂ ಇದರದ್ದೇ ಫೋಟೋ ಹೊಡೀತಿದಾರೆ."

ಪಕ್ಕದಲ್ಲಿದ್ದ ಹೆಂಗಸೊಬ್ಬಳು ಗಂಡನ ತೋಳು ಹಿಡಿದಳು. "ಥೂ, ಈ ಕೊಂಪೇಲಿ ಮನುಷ್ಯರು ಇರ್ತಿದ್ರಾ?"

ವರ್ಜಿಲನಿಗೆ ಕ್ರೇಗನ ಮೇಲೆ ಅಸಹ್ಯ, ಇಂಥವನ ಕೈಗೆ ಅಮ್ಮನ ಮನೆ ಕೊಟ್ಟ ತನ್ನ ಮೇಲೆ ಇನ್ನೂ ಅಸಹ್ಯ. ಅವನು ಕುರ್ಚಿ ತಿರುಗಿಸಹೋದ. "ಬಾ ಅಕ್ಕಾ, ಹೋಗೋಣ. ಇನ್ನೂ ಮುಗಿದಿಲ್ಲ ಇದು."

ಅಷ್ಟರಲ್ಲಿ ಓರ್ಫಾ ಹಲಗೆಯಂಚು ಹಿಡಿದು, ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದಳು. "ಅಡುಗೆಮನೆ ಕಿಟಕಿ ಇಲ್ಲೇ ಅಲ್ವೇನೋ? ನಮ್ಮನೇನೇ ಇದು!"

"ಹೂಂ, ಅಕ್ಕಾ."

ಅವಳು ಮಾಡಿನ ಮೇಲೆ ಬೆರಳಾಡಿಸಿ, ತುದಿಗೆ ಹತ್ತಿದ ಕೆಂಪು ಪುಡಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಮುಖ ಬಾಡಿತು.

"ಈ ವರ್ಷ ಅಮ್ಮಂಗೆ ಹುಷಾರಿರ್ಲಿಲ್ವೇನೋ?"

ಓರ್ಫಾ ಕರ್ಚೀಫಿನ ತುದಿಗೆ ಉಗುಳು ಹಚ್ಚಿ ತಗಡು ಒರೆಸತೊಡಗಿದಳು.

"ಅಜ್ಜೀ, ಮುಟ್ಟಬೇಡಿ!" ಎಂದು ಕ್ರೇಗ್ ಕೈ ಚಾಚಿದ.

ವರ್ಜಿಲ್ ಆ ಕೈಯನ್ನು ಆಚೆ ತಳ್ಳಿದ. ಮನೆಯನ್ನು ಹಲಗೆಯಿಂದ ಕಿತ್ತು ಅಕ್ಕನ ಮಡಿಲಲ್ಲಿಟ್ಟ.