ಕೊರಳಿನ ಬಿಲ್ಲೆ

ಕಳಕಪ್ಪ ಬಾಯಿ ಬಿಡುತ್ತಿದ್ದುದು ಅಮಾವಾಸ್ಯೆಗೊಮ್ಮೆ, ಅದೂ ಹೆಂಡತಿಯ ಕೊರಳಿನ ಜೊತೆ. ಗಂಗಾವತಿ ಕಡೆಯಿಂದ ಕುಷ್ಟಗಿಗೆ ಬಂದು ಮಗ್ಗ ಹೂಡಿದ್ದ ಈ ನೇಕಾರ, ಮೊದಲ ಹೆಂಡತಿ ಶೇಖರಮ್ಮ ಪ್ಲೇಗಿನಲ್ಲಿ ತೀರಿಕೊಂಡಳೆಂದು ಹೇಳಿ ಹುಲಿಗವ್ವನನ್ನು ಮದುವೆಯಾಗಿದ್ದ. ಸತ್ತ ಸವತಿ ಕಾಡಬಾರದೆಂದು ಎರಡನೆಯವಳು ಅವಳ ಹೆಸರಿನ ಬೆಳ್ಳಿ ಬಿಲ್ಲೆ ಕಟ್ಟಿಕೊಳ್ಳುವುದು ವಾಡಿಕೆ. ಹುಲಿಗವ್ವನೂ ತಾಳಿಯ ಪಕ್ಕದಲ್ಲೇ ಕಟ್ಟಿಕೊಂಡಳು.

ಅಮಾವಾಸ್ಯೆಯ ದಿನ ಅವಳನ್ನು ಮಣೆಯ ಮೇಲೆ ಕೂರಿಸಿ ಕಳಕಪ್ಪ ಬಿಲ್ಲೆಗೆ ಕುಂಕುಮ ಹಚ್ಚುತ್ತಿದ್ದ. "ಶೇಖರಮ್ಮಾ, ಉಂಡಿಯೇನು? ಕಾಲುನೋವು ಕಡಿಮಿ ಆತೇನು? ನಿನ್ನ ಗದ್ದದ ಮ್ಯಾಲಿನ ಮೂರು ಹಚ್ಚಿಚುಕ್ಕಿ ಇನ್ನೂ ಕಣ್ಣಿಗೆ ಕಟ್ಟಿದಂಗ ಅದಾವು." ಎಂಥ ಮೆತ್ತನೆಯ ದನಿ! ಅವನ ಕಣ್ಣು ಮಾತ್ರ ಹುಲಿಗವ್ವನ ಮುಖಕ್ಕಿಂತ ಒಂದು ಗೇಣು ಕೆಳಗೇ ನಿಂತುಬಿಡುತ್ತಿದ್ದವು.

ಉಳಿದ ದಿನಗಳಲ್ಲಿ ಅವನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ಇವಳು ಒಂದು ಮೊಳ ದೂರದಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತ. ಯುದ್ಧ ಬಂದು ನೂಲು ತುಟ್ಟಿಯಾಯಿತು, ಇವಳ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಕಂಡಿಕಿ." ಹೊಡೆದವನಲ್ಲ, ಬೈದವನಲ್ಲ. ದೇವರಂಥ ಗಂಡ ಎಂದು ಓಣಿಯವರು ಹೊಗಳುತ್ತಿದ್ದರು. ದೇವರೇ ಸರಿ, ಕೂಗಿದರೂ ಓಗೊಡುತ್ತಿರಲಿಲ್ಲ! ಬಿಲ್ಲೆಗೆ ಕೇಳುವ ಆ ಒಂದು "ಉಂಡಿಯೇನು" ತನಗೂ ಸಿಕ್ಕೀತೆಂದು ಹುಲಿಗವ್ವ ಆರು ವರ್ಷ ಕಾದಳು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಟ್ಟಳು, ಪಟ್ಟಿದ್ದಕ್ಕೆ ನಾಚಿಕೊಂಡಳು.

ಒಂದು ಸಂತೆಯಲ್ಲಿ ಉಳ್ಳಾಗಡ್ಡಿ ಆರಿಸಲು ಬಗ್ಗಿದಾಗ ದಾರ ಹರಿದು ಬಿಲ್ಲೆ ಬುಟ್ಟಿಯೊಳಗೆ ಬಿತ್ತು. ಮಾರುವ ಹೆಂಗಸು ಎತ್ತಿಕೊಟ್ಟಳು.

"ಯಾರ ಹೆಸರಿಂದು ತಂಗಿ?"

"ಸತ್ತ ಸವತೀದು. ಗಂಗಾವತಿ ಕಡೆ ನೇಕಾರರ ಮನಿಯಾಕಿ, ಶೇಖರಮ್ಮ ಅಂತ."

"ನೀ ಕಳಕಪ್ಪನ ಹೇಣ್ತಿಯೇನು?" ಹೆಂಗಸಿನ ಕೈಯ ತಕ್ಕಡಿ ಅಲ್ಲೇ ನಿಂತಿತು. "ಆ ಶೇಖರಮ್ಮ ನಾನ ಅದೀನಲ್ಲ!"

ಹುಲಿಗವ್ವ ತಲೆಯೆತ್ತಿದಳು. ಗದ್ದದ ಮೇಲೆ ಮೂರು ಹಚ್ಚೆಚುಕ್ಕಿ.

"ನೀವು ಸತ್ತೀರಿ," ಎಂದಳು ಹುಚ್ಚಿಯ ಹಾಗೆ. "ಆ ಚುಕ್ಕಿ ನೆನಸಿ ಅವರು ಕಣ್ಣೀರು ಹಾಕ್ತಾರ."

ಈಗ ಶೇಖರಮ್ಮ ದಂಗಾದಳು. ಗದ್ದ ಮುಟ್ಟಿಕೊಂಡಳು. "ಈ ಚುಕ್ಕಿ? ಆತ ಇದನ್ನ ನೋಡಿದ್ನೇನು? ಒಂಬತ್ತು ವರ್ಷ ಬಾಳೇವು ಮಾಡೀನಿ, ಒಮ್ಮೆ ತಲಿ ಎತ್ತಿ ನೋಡಲಿಲ್ಲ. ಪ್ಲೇಗಿನ ವರ್ಷ ನಾಲ್ಕು ದಿನ ಜ್ವರ ಬಂದು ಬಿದ್ದಿದ್ದೆ, ಕುಣಿಯಾಗಿಂದ 'ಕಂಡಿಕಿ' ಅಂದ. ಎದ್ದು ನಡದುಬಿಟ್ಟೆ. ಈಗ ತಳಕಲ್ಲಿನಾಗ ಇನ್ನೊಬ್ಬನ ಕೂಡ ಉಡಿಕಿ ಮಾಡಿಕೊಂಡೀನಿ, ಎರಡು ಮಕ್ಕಳದಾವು. ಆಗ ಆತ ಸತ್ತ ಅವ್ವನ ಕೂಡ ಮಾತಾಡ್ತಿದ್ದ ತಂಗಿ. ಮನ್ಯಾಗ ಇದ್ದವರು ಆತಗ ಕಾಣಂಗಿಲ್ಲ."

ಹುಲಿಗವ್ವ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಬಿಲ್ಲೆಯನ್ನು ಗಂಡ ನೇಯುತ್ತಿದ್ದ ಬಟ್ಟೆಯ ಮೇಲೆ ಇಟ್ಟಳು.

"ಶೇಖರಮ್ಮ ಬದುಕ್ಯಾಳ್ರಿ. ಸಂತ್ಯಾಗ ಸಿಕ್ಕಿದ್ಲು."

ಮಗ್ಗ ನಿಂತಿತು. ಆಮೇಲೆ ಕಳಕಪ್ಪನ ಆ ಮೆತ್ತನೆಯ ದನಿ ಬಂತು. "ಹೆಂಗದಾಳ? ಸೊರಗ್ಯಾಳೇನು?"

"ಮತ್ತ ನಾನು? ನಾ ಹೆಂಗದೀನ್ರಿ?"

ಅವನ ಕಣ್ಣು ರೂಢಿಯಂತೆ ಅವಳ ಕೊರಳಿಗೆ ಹೋದವು. ಅಲ್ಲಿ ಬಿಲ್ಲೆ ಇರಲಿಲ್ಲ. ಎಲ್ಲಿ ನೋಡಬೇಕೋ ತಿಳಿಯದೆ ಅವನು ಒದ್ದಾಡಿಬಿಟ್ಟ. ಕೊನೆಗೆ ತಲೆ ತಗ್ಗಿಸಿ, "ಕಂಡಿಕಿ ಮುಗದೈತಿ," ಎಂದ.

ಹುಲಿಗವ್ವ ಉಟ್ಟ ಸೀರೆಯಲ್ಲೇ ಕೊಪ್ಪಳದ ತವರಿಗೆ ಹೊರಟುಬಂದಳು.

ಮುಂದಿನ ಅಮಾವಾಸ್ಯೆ ಕಳೆದ ಮರುದಿನ ಕುಷ್ಟಗಿಯ ನೆರೆಯವಳು ಮಾಶಾಬಿ ಅಳುತ್ತ ಬಂದಳು. ಬಾಗಿಲಲ್ಲಿ ಹುಲಿಗವ್ವನನ್ನು ಕಂಡು ಕಿಟಾರನೆ ಕಿರುಚಿದಳು.

"ಯಾ ಅಲ್ಲಾ! ನೀ ಬದುಕಿಯೇನ? ನಿನ್ನ ಗಂಡ ನಿನ್ನೆ ಮಣಿ ಮ್ಯಾಲ ಬಿಲ್ಲಿ ಇಟ್ಟು, ಕುಂಕುಮ ಹಚ್ಚಿ, ನಿನ್ನ ಹೆಸರು ಹಿಡದು ಅಳಾಕತ್ತಿದ್ನವ್ವಾ. ಎಡಗೈಯಾಗಿನ ಸುಟ್ಟ ಕಲಿ ಸುದ್ದಾ ನೆನಸಿದ."

ಹುಲಿಗವ್ವ ಎಡಗೈ ನೋಡಿಕೊಂಡಳು. ರೊಟ್ಟಿ ಹಂಚು ತಾಗಿದ ಹಳೇ ಕಲೆ. ಹಾಗಾದರೆ ನೋಡಿದ್ದನಲ್ಲ!

"ಏನಂತ ಅಳ್ತಿದ್ರು?"

"'ಹುಲಿಗವ್ವಾ, ಉಂಡಿಯೇನು' ಅಂತ."

ಹುಲಿಗವ್ವ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

"ಇಲ್ಲ, ಉಂಡಿಲ್ಲ," ಎಂದಳು ಮಾಶಾಬಿಗೆ. "ಒಳಗ ಬಾ. ನನ್ನ ಕೂಡ ಕುಂತು ಉಣ್ಣು."